ಎರಡು ನಿಮಿಷದ ಸದ್ದು

ನಾವು ಬಂಗಾಳದಲ್ಲಿ, ಜಾದವ್‌ಪುರದ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದ ಕಾಲದ ಮಾತಿದು. ನಮ್ಮ ಯಜಮಾನರದು ಮದುವೆ ಅಡುಗೆಯ ಕಾಂಟ್ರಾಕ್ಟು. ಗಿರಾಕಿಗಳು ಹೆಚ್ಚಾಗಿ ಮಾರ್ವಾಡಿಗಳು. ಆಷಾಢದ ಏಕಾದಶಿಗೆ ದೇವರು ಮಲಗಿದನೆಂದರೆ ದೀಪಾವಳಿ ಕಳೆದು ಅವನು ಏಳುವ ತನಕ ಅವರಲ್ಲಿ ಮದುವೆಯಿಲ್ಲ. ನಾವು ಹಂಡೆ, ಕೊಳದಪ್ಪಲೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಮೆಟ್ಟಿಲ ಕೆಳಗೆ ಬೋರಲು ಹಾಕುತ್ತಿದ್ದೆವು. ಅವನ್ನು ಹೊರುವ ಡೀಸೆಲ್ ವ್ಯಾನು, ಚುನಾವಣೆಯ ಕೆಂಪು ಬರಹ ಇನ್ನೂ ಮಾಸದ ಎದುರು ಗೋಡೆಯ ಪಕ್ಕ ಸುಮ್ಮನೆ ನಿಂತಿರುತ್ತಿತ್ತು. ಆ ತಿಂಗಳುಗಳಲ್ಲಿ ಯಜಮಾನರು ಖಿದಿರ್‌ಪುರದ ಒಂದು ಕ್ಯಾಂಟೀನಿಗೆ ಅಡುಗೆಗೆ ಹೋಗಿ ಅಲ್ಲೇ ಇರುತ್ತಿದ್ದರು. ಮನೆಗೆ ಬರುವುದು ಭಾನುವಾರ ಮಾತ್ರ.

ಹಿತ್ತಾಳೆಯ ಹಂಡೆ ಬೋರಲು ಕೂತಷ್ಟು ದಿನ ಕೂತೀತು. ವ್ಯಾನಿನ ಬ್ಯಾಟರಿ ಹಾಗಲ್ಲ, ಕೆಲಸವಿಲ್ಲದೆ ಕೂತರೂ ಸೋರಿಹೋಗುತ್ತದೆ. ಅದರ ತುದಿಗಳಲ್ಲಿ ಬೆಳೆಯುವ ಬಿಳಿ ಹೂವನ್ನು ಅಡುಗೆಸೋಡಾದ ಬಿಸಿನೀರಿನಿಂದ ತೊಳೆದು ವ್ಯಾಸಲೀನ್ ಹಚ್ಚುವುದನ್ನು ಯಜಮಾನರು ನನಗೆ ಕಲಿಸಿದ್ದರು. ಹೊರಡುವಾಗ ಮತ್ತೊಂದು ಮಾತನ್ನೂ ಹೇಳಿದ್ದರು:

“ಸ್ಟಾರ್ಟ್ ಮಾಡಿದ್ರೆ ಅರ್ಧ ಗಂಟೆಯಾದ್ರೂ ಓಡ್ಬೇಕು. ಇಲ್ಲದಿದ್ರೆ ಮುಟ್ಲೇಬೇಡ. ಒಂದು ಸಲ ಎಬ್ಬಿಸ್ಲಿಕ್ಕೆ ಅದು ಕೊಟ್ಟದ್ದು ಎರಡು ನಿಮಿಷದಲ್ಲಿ ವಾಪಸ್ ತುಂಬುದಿಲ್ಲ ಮಾರಾಯ್ತಿ.”

ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ. ಅತ್ತೆಗೆ ಉಬ್ಬಸ. ಹಿಂದಿನ ವರ್ಷದ ಮಳೆಗಾಲದಲ್ಲಿ ಗಲ್ಲಿಯೆಲ್ಲ ನೀರಾಗಿದ್ದಾಗ ಅವರಿಗೆ ಉಸಿರು ಕಟ್ಟಿತ್ತು. ಟ್ಯಾಕ್ಸಿಯವರು ನೀರು ನೋಡಿ ತಿರುಗಿಹೋದರು. ಕೈರಿಕ್ಷಾದಲ್ಲಿ ಒಂದು ಆಸ್ಪತ್ರೆಗೆ ಒಯ್ದರೆ ಬೆಡ್ ಇಲ್ಲವೆಂದರು, ಅಲ್ಲಿಂದ ಇನ್ನೊಂದಕ್ಕೆ. ತಲುಪುವಾಗ ಅತ್ತೆಯ ಉಗುರು ನೀಲಿಯಾಗಿತ್ತು. ವ್ಯಾನು ಆ ದಿನ ಗ್ಯಾರೇಜಿನಲ್ಲಿತ್ತು. ಅಂದಿನಿಂದ ಅತ್ತೆಗೆ ವ್ಯಾನಿನ ಮೇಲೆ ಜೀವ. ಅದೊಂದು ಬಾಗಿಲಲ್ಲಿದ್ದರೆ, ಅದಕ್ಕೆ ಉಸಿರಿದ್ದರೆ, ತನಗೂ ಉಂಟು ಎಂದು ಅವರ ಲೆಕ್ಕ.

ಹಾಗಾಗಿ ಬೆಳಗ್ಗೆ ಕಾಫಿ ಲೋಟ ಕೈಗೆ ಕೊಟ್ಟರೂ ಅವರು ಕುಡಿಯುತ್ತಿರಲಿಲ್ಲ. ಮಾಳಿಗೆಯ ಕಿಟಕಿಯ ಹತ್ತಿರ ಕೂತು, “ಮೊದ್ಲು ಗಾಡಿ ಒಮ್ಮೆ ಕೂಗಿಸು ನೋಡುವ,” ಎನ್ನುತ್ತಿದ್ದರು. ನನಗೆ ವ್ಯಾನು ಓಡಿಸಲು ಬರುತ್ತಿರಲಿಲ್ಲ, ಕೀಲಿ ತಿರುಗಿಸಲು ಮಾತ್ರ ಗೊತ್ತು. ಅಪಾಯದ ಹೊತ್ತಿಗೆ ಎದುರುಮನೆಯ ರಿಟೈರಾದ ಬಸ್ ಡ್ರೈವರ್ ಓಡಿಸುತ್ತೇನೆಂದಿದ್ದರು, ಆದರೆ ದಿನಾ ಬೆಳಗ್ಗೆ ಅವರನ್ನು ಕರೆಯುವಂತಿರಲಿಲ್ಲ. ಅರ್ಧ ಗಂಟೆ ಇಂಜಿನ್ ಬಿಟ್ಟುಬಿಡೋಣವೆಂದರೆ ಡೀಸೆಲ್ ಹೊಗೆ ನೇರ ಅತ್ತೆಯ ಕಿಟಕಿಗೇ ಏರಿ ಕೆಮ್ಮು ಕೆದಕುತ್ತಿತ್ತು. ಎರಡು ನಿಮಿಷ ಕೂಗಿಸಿ ಆರಿಸುತ್ತಿದ್ದೆ. ಮೇಲೆ ಲೋಟದ ಸದ್ದು ಕೇಳುತ್ತಿತ್ತು. ಕಾಫಿ ಕುಡಿದರು ಎಂದು ನಾನು ಒಳಗೆ ಬರುತ್ತಿದ್ದೆ.

ಭಾನುವಾರ ಬಂದಾಗ ಯಜಮಾನರು ಚಾರ್ಜರ್ ಜೋಡಿಸುತ್ತಿದ್ದರು. ಒಂದು ಗಂಟೆ ಆಗುವಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಕರೆಂಟು ಬರಲಿ ಎಂದು ಕಾದು ಕಾದು ಅವರು ಖಿದಿರ್‌ಪುರದ ಬಸ್ಸು ಹಿಡಿಯುತ್ತಿದ್ದರು. ಒಮ್ಮೆ ಬ್ಯಾಟರಿಯ ವಯರನ್ನೇ ಬಿಚ್ಚಿಟ್ಟು ಹೋಗುತ್ತೇನೆಂದು ಹೊರಟರು.

“ಅಮ್ಮ, ದಿನಾ ಕೂಗಿಸಿದ್ರೆ ಬೇಕಾದಾಗ ಏಳುದಿಲ್ಲ.”

“ಬೇಕಾದಾಗ ಏಳ್ತದೆ ಅಂತ ನಂಗೆ ಗೊತ್ತಾಗುದು ಹೇಗೆ ಮತ್ತೆ? ನಿನ್ನ ಬಾಯಿಮಾತು ನಂಬಿ ಮಲಗ್ಲಾ?”

ಅವರು ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟರು. ವಯರು ಹಾಗೆಯೇ ಉಳಿಯಿತು.

ಆಮೇಲಿನ ಬೆಳಗುಗಳು ನನಗೆ ಪರೀಕ್ಷೆಯಂತೆ. ಮೊದಲು ಕೀಲಿ ತಿರುಗಿಸಿದ ಕೂಡಲೇ ಗರಗರ ಎಂದು ಏಳುತ್ತಿದ್ದ ಇಂಜಿನ್, ಬರಬರುತ್ತ ಮುದುಕ ಮೆಟ್ಟಿಲೇರಿದ ಹಾಗೆ ಗರ್... ಗರ್... ಎಂದು ಯೋಚಿಸಿ ಏಳತೊಡಗಿತು. ವ್ಯಾನಿನ ದೀಪ ಹಾಕಿ ನೋಡಿದರೆ ಮಂಕು ಹಳದಿ. ಅತ್ತೆಗೆ ಕೊನೆಗೆ ಏಳುವ ಸದ್ದು ಮಾತ್ರ ಕೇಳುತ್ತಿತ್ತು, ಅದಕ್ಕೆ ಮುಂಚಿನ ಒದ್ದಾಟ ಕೇಳುತ್ತಿದ್ದದ್ದು ನನಗೊಬ್ಬಳಿಗೆ. ರಾತ್ರಿ ಅವರ ಎದೆಯ ಸೀಟಿ ಸದ್ದನ್ನು ಕೇಳುತ್ತ ಮಲಗುವುದು, ಬೆಳಗ್ಗೆ ಇಂಜಿನ್ನಿನದನ್ನು ಕೇಳುವುದು. ಎರಡರಲ್ಲಿ ಯಾವುದು ಮೊದಲು ಕೈಕೊಡುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ.

ಭಾದ್ರಪದದ ಒಂದು ಬುಧವಾರ. ಮೋಡ ಕವಿದು ಬೆಳಕೇ ಹರಿದಿರಲಿಲ್ಲ, ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರು. ಕೀಲಿ ತಿರುಗಿಸಿದೆ. ಟಿಕ್. ಇನ್ನೊಮ್ಮೆ ತಿರುಗಿಸಿದೆ. ಟಿಕ್. ಅಷ್ಟೆ.

ಮೇಲಿನಿಂದ ಅತ್ತೆ, “ಎಂತ, ಕೇಳ್ಲಿಲ್ಲಲ್ಲ?” ಎಂದರು.

ಮಳೆ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಮೇಲೆ ಹೋಗಿ, “ಬ್ಯಾಟರಿ ಇಳಿದಿದೆ ಅತ್ತೆ. ಕರೆಂಟು ಬಂದ ಕೂಡ್ಲೇ ಚಾರ್ಜಿಗೆ ಹಾಕ್ತೇನೆ,” ಎಂದೆ. ಅವರು ಫ್ಯಾನಿನ ಕಡೆ ನೋಡಿದರು. ಅದು ನಿಂತಿತ್ತು. ಕಾಫಿ ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆಲ್ಲ ಎರಡು ಕೈಯನ್ನೂ ಮಂಚಕ್ಕೆ ಊರಿ, ಹೆಗಲು ಎತ್ತಿ ಎತ್ತಿ ಉಸಿರು ಎಳೆಯತೊಡಗಿದರು. ಮಾತ್ರೆ ಕೊಟ್ಟೆ, ಬೆನ್ನು ನೀವಿದೆ. ಕೆಳಗೆ ನೀರು ಮೊದಲನೆಯ ಮೆಟ್ಟಿಲು ಹತ್ತುತ್ತಿತ್ತು.

ಎದುರುಮನೆಯ ಆ ಬಸ್ ಡ್ರೈವರ್ ಬಂಗಾಳಿ, ನಾವು ಕಾಕು, ಅಂದರೆ ಚಿಕ್ಕಪ್ಪ, ಎಂದು ಕರೆಯುತ್ತಿದ್ದವರು. ನಾನು ಓಡಿ ಅವರ ಬಾಗಿಲು ಬಡಿದೆ. ಲುಂಗಿ ಎತ್ತಿ ಕಟ್ಟಿಕೊಂಡು ಬಂದವರು ವ್ಯಾನಿನೊಳಗೆ ಕೂತು ಒಮ್ಮೆ ಟಿಕ್ ಎನಿಸಿದರು.

“ಬೌಮಾ, ದಿನಾ ಬೆಳಗ್ಗೆ ಸಂಗೀತ ಕೇಳಿಸ್ತಿದ್ದೆಯಲ್ಲ. ಬ್ಯಾಟರಿಯನ್ನು ಕುಡಿದು ಮುಗಿಸಿದ್ದೀ,” ಎಂದರು. ಮನೆಯ ಸೊಸೆಯನ್ನು ಕರೆಯುವ ಹಾಗೆ ನನ್ನನ್ನು ಅವರು ಬೌಮಾ ಎಂದೇ ಕರೆಯುತ್ತಿದ್ದದ್ದು. “ಹೆದರಬೇಡ. ನನ್ನ ಬಸ್ಸನ್ನು ಪ್ಯಾಸೆಂಜರುಗಳೇ ಇಳಿದು ಎಷ್ಟು ಸಲ ತಳ್ಳಿದ್ದಾರೆ! ಈಗ ತಳ್ಳಿದರೆ ಆಯಿತು. ನೀರು ಮೊಣಕಾಲಿಗೆ ಬಂದರೆ ಆನೆ ಬಂದರೂ ತಳ್ಳಲಿಕ್ಕಾಗದು.”

ಮಳೆಯೆಂದು ಬೆಳಗ್ಗೆಯೇ ಮೂಲೆಯ ಕ್ಲಬ್ಬಿನಲ್ಲಿ ಕೇರಂ ಆಡುತ್ತಿದ್ದ ಹುಡುಗರನ್ನು ಅವರು ಕೂಗಿ ಕರೆದರು. ಕುರ್ಚಿಯಲ್ಲಿ ಕೂರಿಸಿ ಅತ್ತೆಯನ್ನು ಇಳಿಸಿದ್ದೂ ಆ ಹುಡುಗರೇ. ಕಾಕು ಸ್ಟಿಯರಿಂಗ್ ಹಿಡಿದರು, ವ್ಯಾನಿನ ಹಿಂದೆ ಹಂಡೆ ಇಡುವ ಜಾಗದಲ್ಲಿ ಚಾಪೆ ಹಾಸಿ ನಾನು ಅತ್ತೆಯನ್ನು ಎದೆಗೆ ಒರಗಿಸಿಕೊಂಡು ಕೂತೆ. ಹಿಂದಿನಿಂದ ತಳ್ಳುವವರಲ್ಲಿ ಒಬ್ಬ, “ಮದ್ರಾಸಿ ಬೌದಿ, ಇದರ ಕೂಲಿ ಮಸಾಲೆ ದೋಸೆ!” ಎಂದು ಕೂಗಿದ. ಆ ಹುಡುಗರಿಗೆ ನಾನು ಬೌದಿ, ಅಂದರೆ ಅತ್ತಿಗೆ. ನಾವು ಉಡುಪಿ ಕಡೆಯವರೆಂದು ಎಷ್ಟು ಹೇಳಿದರೂ ಆ ಕೇರಿಗೆ ನಾವು ಮದ್ರಾಸಿಗಳೇ. ಅವತ್ತು ನಾನು ತಿದ್ದಲಿಲ್ಲ. ಒಂದು ಸಲ ವ್ಯಾನು ಮುಗ್ಗರಿಸಿ ನಿಂತಿತು. ಎರಡನೆಯ ಸಲವೂ ನಿಂತಿತು. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಅದರ ಉಗುರಿನ ಬಣ್ಣ ನೋಡಲು ಧೈರ್ಯ ಬರಲಿಲ್ಲ. ಮೂರನೆಯ ಸಲ ಇಡೀ ವ್ಯಾನು ಒಮ್ಮೆ ಕುಲುಕಿ, ಕಪ್ಪು ಹೊಗೆ ಕಾರಿ ಎದ್ದಿತು.

ಆಸ್ಪತ್ರೆಯ ಗೇಟಿನಲ್ಲಿ ಕಾಕು ಇಂಜಿನ್ ಆರಿಸಲಿಲ್ಲ. ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ ಆಕ್ಸಿಲರೇಟರ್ ತೋರಿಸಿದರು.

“ಇದನ್ನು ಹಗುರಾಗಿ ಒತ್ತಿ ಹಿಡಿ. ನಾನು ನಿನ್ನ ಅತ್ತೆಯನ್ನು ಒಳಗೆ ಒಯ್ಯುತ್ತೇನೆ. ಅಲ್ಲಿ ಗಲಾಟೆ ಮಾಡಲಿಕ್ಕೆ ನಿನ್ನ ಬಂಗಾಳಿ ಸಾಲದು. ಬೆಡ್ ಇಲ್ಲ ಎಂದು ಇನ್ನೊಂದು ಕಡೆಗೆ ಕಳಿಸಿದರೋ, ಇಲ್ಲಿ ತಳ್ಳುವವರು ಯಾರೂ ಇಲ್ಲ. ಆರಬಾರದು.”

ಅತ್ತೆಯನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ದರು. ನಾನು ಪೆಡಲಿನ ಮೇಲೆ ಕಾಲಿಟ್ಟು ಕೂತೆ. ಸ್ವಲ್ಪ ಹೆಚ್ಚು ಒತ್ತಿದರೆ ವ್ಯಾನು ಅರಚುತ್ತಿತ್ತು, ಸಡಿಲಬಿಟ್ಟರೆ ನಡುಗಿ ಸಾಯುವ ಹಾಗೆ ಮಾಡುತ್ತಿತ್ತು. ಕಾಲಿಗೆ ಜೋಮು ಹಿಡಿಯಿತು. ಎಷ್ಟು ಹೊತ್ತೋ ತಿಳಿಯದು. ಒಳಗಿನಿಂದ ಬಿಳಿ ಸೀರೆಯವರು ಯಾರು ಹೊರಬಂದರೂ ನನ್ನ ಕಡೆಗೇ ಬರುತ್ತಿದ್ದಾರೆ, ಏನೋ ಹೇಳಲಿದ್ದಾರೆ ಎಂದೇ ತೋರುತ್ತಿತ್ತು.

ಕೊನೆಗೆ ಒಬ್ಬಳು ನರ್ಸ್ ನಿಜವಾಗಿಯೂ ನನ್ನ ಹತ್ತಿರ ಬಂದಳು. ಮುಖದಲ್ಲಿ ನಗುವಿರಲಿಲ್ಲ.

“ಆ ಅಜ್ಜಿಯ ಸೊಸೆ ನೀವೇನಾ?”

ನಾನು ತಲೆಯಾಡಿಸಿದೆ.

“ಆಕ್ಸಿಜನ್ ಮಾಸ್ಕ್ ಕಿತ್ತು ಕಿತ್ತು ಏನೋ ಹೇಳ್ತಿದ್ದಾರೆ. ನಮಗ್ಯಾರಿಗೂ ಭಾಷೆ ತಿಳಿಯುವುದಿಲ್ಲ. ಕೈ ಮಾತ್ರ ಕಿಟಕಿ ಕಡೆ ತೋರಿಸ್ತಾರೆ. ಗಾಡಿ ಆರಿಸಿ ಬನ್ನಿ. ಹೊಗೆಯೆಲ್ಲ ವಾರ್ಡಿಗೆ ಬರ್ತಾ ಇದೆ.”

“ಬೆಡ್?”

“ಬೆಡ್ ಕೊಟ್ಟಾಯಿತಲ್ಲ. ಮಲಗಿದ್ದಾರೆ.”

ಕೀಲಿ ತಿರುಗಿಸಿದೆ. ಕೆಳಗಿಳಿದರೆ ಬಲಗಾಲು ನಿಲ್ಲಲಿಲ್ಲ, ಗೋಡೆ ಹಿಡಿದುಕೊಂಡೇ ವಾರ್ಡಿಗೆ ಹೋದೆ. ಅತ್ತೆಯ ತುಟಿಗೆ ಬಣ್ಣ ಬಂದಿತ್ತು. ನನ್ನನ್ನು ಕಂಡು ಮಾಸ್ಕನ್ನು ಒಂದಿಷ್ಟು ಸರಿಸಿದರು.

“ಆರಿಸಿದ್ಯಾ?”

“ಆರಿಸಿದೆ.”

“ಅಯ್ಯೋ, ಆರಿಸ್ಬೇಡಿ ಅಂತ ಇವ್ರಿಗೆ ಎಷ್ಟು ಹೇಳಿದೆ. ಇನ್ನು ಮನೆಗೆ ಹೋಗುದು ಹೇಗೆ?”

“ನೀವು ತಳ್ಳಿ, ನಾನು ಕೂರ್ತೇನೆ,” ಎಂದೆ. ಅಂಥ ಮಾತನ್ನು ನಾನು ಅತ್ತೆಗೆ ಅದುವರೆಗೆ ಆಡಿದ್ದಿಲ್ಲ.

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಎಲ್ಲಿ ಮತ್ತೆ ಆ ಸೀಟಿಯಾಗುತ್ತದೋ ಎಂದು ನಾನೂ ಕಾಕುವೂ ಮಂಚದ ಆಚೆ ಈಚೆ ಉಸಿರು ಹಿಡಿದು ನಿಂತೆವು. ಆಗಲಿಲ್ಲ. ಅತ್ತೆ ತಾವೇ ಮಾಸ್ಕನ್ನು ಎಳೆದು ಸರಿಮಾಡಿಕೊಂಡು, ಕಣ್ಣು ಮುಚ್ಚಿದರು.