ಬೇಡದ ಮದ್ದು ಬೇಡವೆನ್ನಲು ಮನೆಮನೆಗೆ ಹೋಗುವ ರಂಜಿನಿ

ವಾಮಂಜೂರಿನ ಗದ್ದೆಯಂಚಿನ ಮನೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ಖತೀಜಮ್ಮ ಚಹಾ ತಂದಿಟ್ಟರೂ ಆಶಾ ಕಾರ್ಯಕರ್ತೆ ರಂಜಿನಿ ಲೋಟ ಮುಟ್ಟುವುದಿಲ್ಲ. "ಮೊದಲು ನೀವು ಮಾತ್ರೆ ನುಂಗಿ."

"ಮೂತ್ರದ ಉರಿ ಈಗ ಕಮ್ಮಿ ಉಂಟು ಮಗಳೇ. ಇನ್ನೆಂತಕ್ಕೆ? ಉಳಿದದ್ದು ಮರ್ವಾಳ ಕೆಮ್ಮಿಗೆ ಆಗ್ತದೆ," ಎನ್ನುತ್ತಾರೆ ಖತೀಜಮ್ಮ. ಮರ್ವಾ ಅವರ ಸೊಸೆ.

"ಅವಳ ಕೆಮ್ಮಿಗೆ ಇದಲ್ಲ ಮದ್ದು. ಡಾಕ್ಟ್ರು ನಿಮಗೆ ಕೊಟ್ಟದ್ದು, ನೀವೇ ಮುಗಿಸ್ಬೇಕು. ಅವಳು ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸ್ಲಿ."

ಖತೀಜಮ್ಮ ಗೊಣಗುತ್ತಲೇ ಆ ಆ್ಯಂಟಿಬಯೋಟಿಕ್ ಮಾತ್ರೆ ನುಂಗುತ್ತಾರೆ. ರಂಜಿನಿ ಆಮೇಲೆ ಲೋಟ ಎತ್ತಿಕೊಳ್ಳುತ್ತಾರೆ.

ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಚುಚ್ಚುಮದ್ದು ತಪ್ಪದಂತೆ ನೋಡುವುದು ಅವರ ನಿತ್ಯದ ಕೆಲಸ. ಮದ್ದಿನ ಬಗೆಗಿನ ಈ ಹಟ ಮಾತ್ರ ಅಣ್ಣ ಮೋಹನದಾಸ ತೀರಿಕೊಂಡ ಮೇಲಿನದು. ನಂತೂರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಅವರು ಮೈ ಬಿಸಿಯಾದಾಗಲೆಲ್ಲ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು, ಸ್ವಲ್ಪ ಹಗುರವಾದೊಡನೆ ಬಿಟ್ಟುಬಿಡುತ್ತಿದ್ದರು. ಕಳೆದ ವರ್ಷ ಕಿಡ್ನಿಗೆ ಸೋಂಕು ತಗಲಿತು. ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಮದ್ದು ಕೊಟ್ಟರೂ ಜ್ವರ ಇಳಿಯಲಿಲ್ಲ.

"ಆ ರೋಗಾಣುವಿಗೆ ಮಾಮೂಲಿ ಮದ್ದು ಯಾವುದೂ ನಾಟುವುದಿಲ್ಲ ಅಂದ್ರು ಡಾಕ್ಟ್ರು. ಅಣ್ಣ ಅರ್ಧಕ್ಕೆ ಬಿಟ್ಟದ್ದರಿಂದಲೇ ಹೀಗಾಯ್ತಾ ಅಂತ ಕೇಳಿದೆ. ಹಾಗೆ ಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ, ಅಂಥ ರೋಗಾಣು ಈಗ ಎಲ್ಲ ಕಡೆ ಉಂಟು ಅಂದ್ರು." ರಂಜಿನಿ ಲೋಟ ಕೆಳಗಿಡುತ್ತಾರೆ. "ಕೊನೆಗೆ ಅಣ್ಣ ನನ್ನನ್ನೇ ಕೇಳಿದ, ನಿನ್ನ ಹತ್ತಿರ ಬೇರೆ ಮಾತ್ರೆ ಎಂತಾದ್ರೂ ಉಂಟಾ ಅಂತ."

ಆದರೂ ಅವರು ಜನರನ್ನು ದೂರುವುದಿಲ್ಲ. "ಕೆಲಸ ಬಿಟ್ಟು ಡಾಕ್ಟ್ರಲ್ಲಿ ಕಾಯುವುದು ಎಲ್ಲರಿಗೂ ಆಗ್ತದಾ? ಅಂಗಡಿಯಲ್ಲಿ ಕೂಡ್ಲೆ ಸಿಗ್ತದೆ. ನಾನು ಬೇಡ ಅಂತ ಹೇಳಿ ಹೋದ್ರೆ ಸಾಕಾಗುವುದಿಲ್ಲ. ಕಾಯಿಲೆ ಜೋರಾಯ್ತಾ ಅಂತ ತಿರುಗಿ ಬಂದು ನೋಡ್ಬೇಕು. ನನಗೂ ಹೆದರಿಕೆ ಉಂಟಲ್ಲ."

ಹಾಗಾಗಿ ಸಂಜೆ ಮತ್ತೆ ಅದೇ ಮನೆ. ಕೆಮ್ಮಿಗೆ ಆ್ಯಂಟಿಬಯೋಟಿಕ್ ಬೇಡವೆಂದು ವೈದ್ಯರೂ ಹೇಳಿ ಕಳಿಸಿದ್ದರಿಂದ ಮರ್ವಾಗೆ ಮುನಿಸು. "ಇಷ್ಟು ದೂರ ಹೋಗಿ, ಬಿಸಿನೀರು ಕುಡಿ ಅಂತ ಹೇಳಿಸಿಕೊಂಡು ಬಂದೆ!"

ರಂಜಿನಿ ನಗುವುದಿಲ್ಲ. ಆಕೆಯ ಹಣೆ ಮುಟ್ಟಿ, ಉಸಿರಾಟ ಗಮನಿಸುತ್ತಾರೆ. "ಉಸಿರು ಕಟ್ಟಿದ ಹಾಗೆ ಆದ್ರೆ, ಜ್ವರ ಏರಿದ್ರೆ, ಕೂಡ್ಲೆ ಫೋನ್ ಮಾಡು ಮಾರಾಯ್ತಿ. ನಾನೇ ಕರ್ಕೊಂಡು ಹೋಗ್ತೇನೆ."

"ನಾಳೆ ಬರ್ತೀರಲ್ಲ ಅಕ್ಕ?" ಮರ್ವಾಳ ದನಿ ಮೆತ್ತಗಾಗಿದೆ.

"ಬರ್ತೇನೆ."

ಅಂಗಳ ದಾಟುವಾಗ ಅವರ ಆಸೆ ಏನೆಂದು ಕೇಳುತ್ತೇನೆ. ರಂಜಿನಿ ಯೋಚಿಸಿ ಹೇಳುತ್ತಾರೆ: "ಇವರಿಗೆ ನಿಜವಾಗಿ ಮದ್ದು ಬೇಕಾದ ದಿನ, ಆ ಮದ್ದು ಕೆಲಸ ಮಾಡ್ಬೇಕು. ಅಷ್ಟು ಆದ್ರೆ ಸಾಕು."