ವೈರಿಂಗ್ ಸರಿಯಾಗಿಯೇ ಇತ್ತು

ಮುಂಡರಗಿಯ ವೀರಪ್ಪನವರ ಅಂಗಡಿಯ ವೈರಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದೆ ಎಂದು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಒಂದು ಮಾತಿನಿಂದ ಹುಸೇನಸಾಬರೆಂಬ ಒಳ್ಳೆಯ ಕೆಲಸಗಾರರ ಹೆಸರು ಊರ ಬಾಯಲ್ಲಿ ಕೆಟ್ಟಿತು. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದೇನೆ — ಉಂಡಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ.

ಇದರ ಜೊತೆಗೆ ಇನ್ನೊಂದು ಮೋಸವೂ ಇದೆ. ಅದನ್ನೂ ಇಲ್ಲೇ ಹೇಳುತ್ತೇನೆ. ಆದರೆ ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ನನ್ನ ಹೆಸರು ಶಾಂತಾ. ಬೆಟಗೇರಿಯಲ್ಲಿ, ಮಗ್ಗಗಳ ಸದ್ದು ಕೇಳುವ ಒಂದು ಓಣಿಯಲ್ಲಿ, ಕಂಪ್ಯೂಟರ್ ಜೋಡಿಸಿ ಮಾರುವ ಚಿಕ್ಕ ಅಂಗಡಿ ನನ್ನದು. ಬಿಡಿ ಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ಗಿರಾಕಿಗೆ ಬೇಕಾದ ಹಾಗೆ ಕೂಡಿಸಿ ಕೊಡುವುದು ಕೆಲಸ. ಗದಗಿನಲ್ಲಿ ಆರು ವರ್ಷ ಬೇರೆಯವರ ಅಂಗಡಿಯಲ್ಲಿ ರಿಪೇರಿ ಮಾಡಿ ಕಲಿತೆ. ಕಂಪನಿಯ ಸಿದ್ಧ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ನೋಡಿದ್ದೇನೆ; ಒಳಗೆ ಇರುವುದು ನಾನು ಹಾಕುವ ಭಾಗಗಳೇ, ಎಷ್ಟೋ ಸಲ ಅದಕ್ಕಿಂತ ಹಗುರವಾದವು. ಕೆಟ್ಟರೆ ಅವರ ನಂಬರಿಗೆ ಫೋನ್ ಮಾಡಿ ಅರ್ಧ ತಾಸು ಹಾಡು ಕೇಳಬೇಕು. ನಾನು ಜೋಡಿಸಿದ್ದು ಕೆಟ್ಟರೆ ನಾನೇ ಬಸ್ಸು ಹತ್ತಿ ಹೋಗುತ್ತೇನೆ. ಈ ಮಾತನ್ನು ಅಂದೂ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ.

ಆದರೆ ಕೇಳುವವರು ಯಾರು? ಬಂದ ಗಿರಾಕಿ ಎಲ್ಲ ವಿಚಾರಿಸಿ, ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಅಂಗಡಿಯ ಒಳಗೆ ಇಣುಕಿ ನೋಡುತ್ತಿದ್ದ — ಜೋಡಿಸುವ ಗಂಡಸು ಎಲ್ಲಿ ಕೂತಿದ್ದಾನೆ ಎಂದು.

ವೀರಪ್ಪನವರು ಹನ್ನೊಂದು ವರ್ಷದ ಹಿಂದೆ ಬಂದರು. ಮುಂಡರಗಿಯ ತಾಲೂಕು ಕಚೇರಿಯ ಎದುರು ಸಣ್ಣ ಅಂಗಡಿಯಲ್ಲಿ ಕೂತು, ಜನರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುವವರು. ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಕೊಳ್ಳುವ ಮನಸ್ಸು ಮಾಡಿದ್ದರು. ನಾನು ಅವರ ಕೆಲಸಕ್ಕೆ ಏನು ಬೇಕು, ಏನು ಬೇಡ ಎಂದು ಬಿಡಿಸಿ ಹೇಳಿದೆ. ಚಹಾ ಕುಡಿದರು. ಆಮೇಲೆ ಕೇಳಿದರು.

“ಎಲ್ಲಾ ಬರೋಬ್ಬರಿ ಐತಿ ತಂಗಿ. ಇದನ್ನ ಜೋಡ್ಸಾವ್ರು ಯಾರು?”

“ನಾನರಿ.”

ಕಪ್ಪು ಕೆಳಗಿಟ್ಟರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಅಂದರು. “ತಪ್ಪು ತಿಳ್ಕೋಬ್ಯಾಡವಾ. ಹೆಣ್ಣಮಗಳು ಜೋಡಿಸಿದ್ದು ಅಂದ್ರ ನನಗ ಧೈರ್ಯ ಸಾಲಂಗಿಲ್ಲ. ಕಂಪನೀದು ಇದ್ರ ತೋರ್ಸು. ನಾಳೆ ಕೆಟ್ರ ಹಿಂದ ಕೇಳಾಕ ಒಬ್ರು ಇರ್ತಾರ.”

ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆ ಪ್ರೀತಿ — ಅದು ನನ್ನನ್ನು ಸುಟ್ಟಿತು. “ಎಂಟು ದಿನ ಬಿಟ್ಟು ಬರ್ರಿ ಕಾಕಾರ, ಬೆಂಗಳೂರು ಕಂಪನೀದು ತರಸ್ತೀನಿ” ಅಂದೆ.

ತರಿಸಲಿಲ್ಲ. ನಾನೇ ಜೋಡಿಸಿದೆ. ಇಂಗ್ಲಿಷಿನಲ್ಲಿ ಏನೂ ಅರ್ಥವಿಲ್ಲದ ಒಂದು ಹೆಸರು ಕಟ್ಟಿ, ಬೆಳ್ಳಿ ಬಣ್ಣದ ಚೀಟಿ ಅಚ್ಚು ಮಾಡಿಸಿ ಮುಂದೆ ಅಂಟಿಸಿದೆ. ಹೊಸ ಸಿಮ್ ಕೊಂಡು, ಆ ನಂಬರನ್ನು ‘ಗ್ರಾಹಕ ಸೇವೆ’ ಎಂದು ಹಿಂಬದಿಗೆ ಹಚ್ಚಿದೆ. ಬೆಲೆ ಮೊದಲು ಹೇಳಿದ್ದೇ. ವೀರಪ್ಪನವರು ಬಂದು, ಪೆಟ್ಟಿಗೆಯ ಮೇಲೆ ಕೈಯಾಡಿಸಿ, “ನೋಡಿದ್ಯಾ, ಕಂಪನೀದರ ಕಳೇನ ಬ್ಯಾರೆ” ಎಂದು ಖುಷಿಯಿಂದ ಹೊತ್ತುಕೊಂಡು ಹೋದರು.

ಇದೇ ಆ ಮೋಸ. ಕ್ಷಮೆ ಕೇಳುವುದಿಲ್ಲ ಎಂದೆನಲ್ಲ — ಇದಕ್ಕೆ. ಆ ಯಂತ್ರದಲ್ಲಿ ಸುಳ್ಳಾಗಿದ್ದದ್ದು ಹೆಸರೊಂದೇ, ಕೆಲಸ ನನ್ನದು.

ಅವರು ಫೋನ್ ಮಾಡುತ್ತಿದ್ದರು. ಕನ್ನಡ ಅಕ್ಷರ ಮೂಡದಿದ್ದರೆ, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ. ನಾನು ವಾರ್ತೆ ಓದುವವರ ದನಿಯಲ್ಲಿ “ನಮಸ್ಕಾರ, ಗ್ರಾಹಕ ಸೇವಾ ಕೇಂದ್ರ. ತಮ್ಮ ಸಮಸ್ಯೆಯನ್ನು ತಿಳಿಸಿ” ಎನ್ನುತ್ತಿದ್ದೆ. ಬೆಟಗೇರಿಯ ಶಾಂತಾಳನ್ನು ‘ಏನವಾ’ ಎನ್ನುವ ಮನುಷ್ಯ ಅಲ್ಲಿ ‘ಮೇಡಂ ಅವರ’ ಎನ್ನುತ್ತಿದ್ದರು. ನಾನು ಹೇಳಿದಂತೆ ಒಂದೊಂದೇ ಗುಂಡಿ ಒತ್ತುತ್ತಿದ್ದರು. ಸರಿಹೋದ ಕೂಡಲೇ ಮಗುವಿನ ಹಾಗೆ ನಗುತ್ತಿದ್ದರು. ಎರಡು ವರ್ಷ ಆ ಸಿಮ್ಮನ್ನು ಒಂದು ದಿನವೂ ಆರಿಸಿಡಲಿಲ್ಲ. ಯಾವ ಕಂಪನಿ ಇಷ್ಟು ನೋಡಿಕೊಳ್ಳುತ್ತದೆ?

ಮೂರನೆಯ ಬೇಸಿಗೆಯಲ್ಲಿ ಯಂತ್ರ ತಾನೇ ಆರಲು ಶುರುವಾಯಿತು. ಅರ್ಜಿ ಅರ್ಧ ಬರೆದಿರುವಾಗಲೇ ಪರದೆ ಕಪ್ಪಾಗುವುದು. ಅವರು ಹೇಳಿದ ಕೂಡಲೇ ನನಗೆ ತಿಳಿಯಿತು. ಯಂತ್ರದೊಳಗೆ ಕರೆಂಟನ್ನು ಹದ ಮಾಡಿ ಹಂಚುವ ಒಂದು ಡಬ್ಬಿ ಇರುತ್ತದೆ, ಪವರ್ ಸಪ್ಲೈ ಎನ್ನುತ್ತೇವೆ. ನಾನು ಹಾಕಿದ್ದ ಡಬ್ಬಿಯ ಜೊತೆ ಬಂದ ಇನ್ನೆರಡು ಅಷ್ಟರಲ್ಲಾಗಲೇ ಕೆಟ್ಟು ನನ್ನ ಅಂಗಡಿಗೆ ವಾಪಸು ಬಂದಿದ್ದವು. ‘ದೋಷ ನಮ್ಮದು, ಬದಲಿಸಿ ಕೊಡುತ್ತೇವೆ’ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂದಿತ್ತು ಆ ಮಾತು. ಅಷ್ಟರಲ್ಲಿ ಅವರೇ ಮುಂದುವರಿಸಿದರು.

“ಮೇಡಂ ಅವರ, ನಿಮ್ಮದು ಅಂತ ಇಷ್ಟ ದಿನ ತಡೀತು. ಆ ಬೆಟಗೇರಿ ಹುಡಿಗಿ ಜೋಡಿಸಿದ್ದು ತಗೊಂಡಿದ್ರ ಎಂದೋ ಸುಟ್ಟು ಬೂದಿ ಆಗಿರ್ತಿತ್ತು.”

ಆಗ ನಾನು ಹೇಳಿದ್ದು ಇಷ್ಟು — ಒಂದಕ್ಷರವೂ ಮರೆತಿಲ್ಲ —

“ನಮ್ಮ ಯಂತ್ರದಲ್ಲಿ ದೋಷವಿಲ್ಲ. ತಮ್ಮ ಅಂಗಡಿಯ ವೈರಿಂಗ್ ಸರಿ ಇಲ್ಲ. ಮೊದಲು ಅದನ್ನು ಬದಲಾಯಿಸಿ.”

ಆ ವೈರಿಂಗ್ ಮಾಡಿದವರು ಹುಸೇನಸಾಬರು. ಮುಂಡರಗಿಯ ಎಷ್ಟೋ ಮನೆಗಳಿಗೆ ವೈರು ಎಳೆದವರು, ವೀರಪ್ಪನವರ ಜೊತೆ ಒಂದೇ ಶಾಲೆಯಲ್ಲಿ ಕಲಿತವರು, ದಿನಾ ಸಂಜೆ ಆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದವರು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಫೋನಿನಲ್ಲಿ ಎಷ್ಟು ಸಲ ಹಿಂದೆ ಅವರ ದನಿ ಕೇಳಿದ್ದೆ. ವೈರಿಂಗ್ ಎಂದಾಗ ಯಾರ ಕೈ ಎಂದು ಗೊತ್ತಿತ್ತು. ಆದರೂ —

ವೀರಪ್ಪನವರು ಬೇರೆಯವರನ್ನು ಕರೆಸಿ ಗೋಡೆ ಒಡೆದು ವೈರು ಬದಲಿಸಿದರು. ಅದೇ ವಾರ ನಾನು ಮೇಡಂ ದನಿಯಲ್ಲಿ, ಪುಕ್ಕಟೆ ತಪಾಸಣೆಗೆಂದು ಯಂತ್ರವನ್ನು ಬೆಟಗೇರಿಯ ಅಂಗಡಿಗೆ ಕಳಿಸಿ, ಅಲ್ಲಿಂದ ನಾವು ತರಿಸಿಕೊಳ್ಳುತ್ತೇವೆ ಎಂದೆ. ಡಬ್ಬಿ ಬದಲಿಸಿದೆ, ಯಾರಿಗೂ ಹೇಳಲಿಲ್ಲ. ಯಂತ್ರ ಮರಳಿದ ಮೇಲೆ ಒಂದು ಸಲವೂ ಆರಲಿಲ್ಲ. ಹಳೆಯ ವೈರಿಂಗೇ ಕೆಟ್ಟಿತ್ತು ಎಂದು ಊರಿಗೆಲ್ಲ ರುಜುವಾತಾಯಿತು.

ಹುಸೇನಸಾಬರು ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ಅಂಗಿಯ ಜೇಬಿನಲ್ಲಿ ಟೆಸ್ಟರ್ ಹಾಗೆಯೇ ಇತ್ತು. ಕುಂಡ್ರಿ ಎಂದರೂ ಕೂರಲಿಲ್ಲ.

“ತಂಗಿ, ಕಚೇರಿ ಮುಂದ ನಾಕು ಮಂದಿ ನೋಡಾಕತ್ತಿದ್ರು. ‘ನಿನ್ನ ಕೆಲಸಕ್ಕ ಕಂಪನ್ಯಾಗಿನವ್ರು ನಗಾಕತ್ತಾರ, ನಾಳಿಂದ ಈ ಕಟ್ಟಿ ಹತ್ತಬ್ಯಾಡ’ ಅಂದ ವೀರಪ್ಪ. ಬಿಚ್ಚಿದ ವೈರು ನನ್ನ ಹಂತೇಕ ಐತಿ. ನೀ ಮಷಿನ್ ತಿಳದಾಕಿ. ಒಂದ್ಸಲ ನೋಡಿ, ಖರೆ ಏನೈತಿ ಅವಗ ಹೇಳವಾ. ನೀ ಹೇಳಿದ್ರ ಕೇಳ್ತಾನ.”

ನಾನು ಹೇಳಿದರೆ ವೀರಪ್ಪನವರು ಕೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಹುಸೇನಸಾಬರಿಗೆ ತೋಚಿರಲೇ ಇಲ್ಲ. ನನ್ನ ಕೆಲಸಕ್ಕೆ ಅಷ್ಟು ಬೆಲೆಯಿದೆ ಎಂದು ನಂಬಿ ಬಂದಿದ್ದ ಒಬ್ಬರೇ ಒಬ್ಬರು — ಅವರಿಗೆ ನಾನು ಕೊಟ್ಟ ಉತ್ತರ:

“ಕಂಪನಿ ಮಷಿನ್ ನಾ ಮುಟ್ಟಂಗಿಲ್ಲ ಕಾಕಾ.”

“ಆತು ಬಿಡವಾ” ಎಂದು ಹೊರಟರು. ಮುಂದಿನ ವರ್ಷ ಅವರು ಮುಂಡರಗಿ ಬಿಟ್ಟ ಸುದ್ದಿ ಬಂತು. ಹೊಸ ಮನೆ ಕಟ್ಟುವವರು ಕರೆಯುವುದನ್ನು ನಿಲ್ಲಿಸಿದ್ದರಂತೆ. ನಾನು ಮುಂದಿದ್ದ ಯಂತ್ರದ ತಿರುಪು ಬಿಗಿ ಮಾಡಿದೆ.

ಕಳೆದ ಚಳಿಗಾಲದಲ್ಲಿ ಒಂದು ಅಂಗಡಿಯ ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಪಕ್ಕದಲ್ಲೇ ನೀರಿನ ಮೋಟರು ರಿಪೇರಿ ಮಾಡುವ ಅಂಗಡಿ. ಒಳಗೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದವರು ಹುಸೇನಸಾಬರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಕರೆದರು, ಚಹಾ ತರಿಸಿದರು. ಅಂಗಡಿ ಅವರ ತಮ್ಮನದು. ತಮ್ಮನಿಗೆ ನನ್ನನ್ನು ತೋರಿಸಿ, “ಈ ತಂಗಿ ಕೈಯಾಗಿನ ಕೆಲಸ ಭಾಳ ಚಂದ. ಗದಗಿನ್ಯಾಗ ಇಕಿ ಹಂಗ ಮಷಿನ್ ಕಟ್ಟಾವ್ರು ಇಲ್ಲ” ಎಂದರು.

ಕಪ್ಪು ಕೆಳಗಿಟ್ಟೆ. ಅಲ್ಲೇ, ಆ ಸ್ಟೂಲಿನ ಮೇಲೆ ಕೂತೇ, ಎಲ್ಲ ಹೇಳಿಬಿಟ್ಟೆ. ಚೀಟಿ, ಸಿಮ್ಮು, ಡಬ್ಬಿ, ಆ ಮಾತು. ತಮ್ಮ ಎದ್ದು ನಿಂತ. ಹುಸೇನಸಾಬರು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

“ನನ್ನ ವೈರಿಂಗ್ ಸರಿ ಐತಿ ಅನ್ನೋದು ನನಗ ಅವತ್ತೂ ಗೊತ್ತಿತ್ತು,” ಎಂದರು. “ನನಗ್ಯಾಕ ಹೇಳಾಕತ್ತಿ? ಗೊತ್ತಿಲ್ಲದವ್ರಿಗೆ ಹೋಗಿ ಹೇಳು.”

ಮರುದಿನ ಬೆಳಿಗ್ಗೆ ಮುಂಡರಗಿಗೆ ಹೋದೆ. ವೀರಪ್ಪನವರ ಮುಂದೆ ಅರ್ಜಿ ಬರೆಸುವವರು ಐದಾರು ಮಂದಿ ಇದ್ದರು. ಒಬ್ಬರೇ ಇರಲೆಂದು ಕಾಯಲಿಲ್ಲ. ಹುಸೇನಸಾಬರನ್ನು ಅಂದದ್ದು ಮಂದಿಯ ಮುಂದೆ. ನಾನೂ ಮಂದಿಯ ಮುಂದೆಯೇ ಹೇಳಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

“ಆ ಮೇಡಂ ನೀನೇನು?”

“ಹೌದ್ರಿ.”

“ಮಷಿನ್ ಜೋಡಿಸಿದಾಕೀನೂ?”

“ನಾನರಿ. ಎರಡು ವರ್ಷ ನೀವು ಹೊಗಳಿದ್ದು ನನ್ನ ಕೆಲಸಾನ ಕಾಕಾರ. ಅದಕ್ಕ ನಾ ತಪ್ಪಾತು ಅನ್ನಂಗಿಲ್ಲ. ಹುಸೇನಸಾಬರ ಮ್ಯಾಲ ಹಾಕಿದ್ನಲ್ಲಾ, ಅದಕ್ಕ ಮಾತ್ರ —”

ಇಂದಿಗೂ ಆ ವಾಕ್ಯವನ್ನು ಮುಗಿಸುವ ಶಬ್ದ ನನ್ನ ಬಳಿ ಇಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನನ್ನು ನೋಡದೆ, “ನೀ ವೈರಿಂಗ್ ಅಂದಿ. ಕಟ್ಟಿ ಹತ್ತಬ್ಯಾಡ ಅಂದಾಂವ ನಾನು” ಎಂದರು. ಕಾದಿದ್ದ ಮಂದಿಗೆ ನಾಳೆ ಬರ್ರಿ ಎಂದು ಹೇಳಿ, ಅಂಗಡಿಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾನೂ ಹಿಂದೆ ಹೆಜ್ಜೆ ಹಾಕಿದೆ.

“ನೀ ಬರಬ್ಯಾಡ,” ಎಂದರು.

ಅವರು ಬಸ್ ನಿಲ್ದಾಣದ ಕಡೆ ನಡೆದು ಹೋದರು. ಲಕ್ಷ್ಮೇಶ್ವರದಲ್ಲಿ ಏನು ಮಾತಾಯಿತೋ, ಮಾತಾಯಿತೋ ಇಲ್ಲವೋ, ನನಗೆ ತಿಳಿಯದು. ಯಾರನ್ನೂ ಕೇಳಿಲ್ಲ. ಅದನ್ನು ತಿಳಿದು ಹಗುರಾಗುವ ಹಕ್ಕು ನನಗಿಲ್ಲ.

ಆ ದಿನ ಕೇಳಿಸಿಕೊಂಡವರು ಐದಾರು ಮಂದಿ ಮಾತ್ರ. ಹುಸೇನಸಾಬರ ಹೆಸರು ಕೆಟ್ಟದ್ದು ಇಡೀ ಊರಿನಲ್ಲಿ. ಉಳಿದವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಕೆಲವು ಗಿರಾಕಿಗಳು ಈಗ ಬರುವುದನ್ನು ಬಿಟ್ಟಿದ್ದಾರೆ. ಸುಳ್ಳು ಹೇಳಿದವಳೆಂದು ಬಿಟ್ಟವರ ಮುಂದೆ ತಲೆ ತಗ್ಗಿಸುತ್ತೇನೆ. ಹೆಣ್ಣು ಜೋಡಿಸಿದ್ದೆಂದು ಬಿಟ್ಟವರ ಮುಂದೆ ತಗ್ಗಿಸುವುದಿಲ್ಲ.