ಮೊದಲು ಆಯಸ್ಸಿಗೆ ಹಾಕಮ್ಮಾ

ಗ್ರೈಂಡರಿನಲ್ಲಿ ಉದ್ದು ಅರ್ಧ ನುಣ್ಣಗಾಗಿತ್ತು. ಅಂಚಿಗೆ ಹತ್ತಿದ ಹಿಟ್ಟನ್ನು ಕೈಯಿಂದ ಬಳಿದು ನಡುವಿಗೆ ತಳ್ಳುತ್ತಿದ್ದಾಗ ಫೋನು ಬಂತು. ವಿಜಯವಾಡದಿಂದ, ಮಗಳ ಹಾಸ್ಟೆಲಿನ ವಾರ್ಡನ್. ಭಾನುವಾರ ಬಿಟ್ಟರೆ ಆ ನಂಬರಿನಿಂದ ನಮಗೆ ಫೋನು ಬಂದದ್ದೇ ಇಲ್ಲ. ಅಂದು ಗುರುವಾರ.

"ಅಮ್ಮಾ, ಭಯಪಡಕಂಡಿ," ಎಂದರು ಆಕೆ. ಹೆದರಬೇಡಿ ಎಂದು ಶುರುವಾಗುವ ಮಾತಿಗೆ ಯಾವ ತಾಯಿ ತಾನೇ ಹೆದರದೆ ಇರುತ್ತಾಳೆ? ಮಗಳು ಬೆಳಗಿನ ಕ್ಲಾಸಿನಲ್ಲಿ ತಲೆ ಸುತ್ತಿ ಬಿದ್ದಿದ್ದಳಂತೆ. ಡಾಕ್ಟರು ನೋಡಿದ್ದಾರೆ, ಗಾಬರಿಯೇನೂ ಇಲ್ಲ, ಆದರೆ ಸುಮಾರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಯಾರ ಹತ್ತಿರವೂ ಮಾತಿಲ್ಲ, ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದರು.

ಗ್ರೈಂಡರು ನಿಲ್ಲಿಸಿದೆ. ಹಿಟ್ಟು ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಕೈ ತೊಳೆದು, ದೇವರ ಮುಂದೆ ನಿಂತು, ಸಿಂಹಾಚಲದ ಅಪ್ಪನ್ನಸ್ವಾಮಿಗೆ ಒಂದು ಹರಕೆ ಹೇಳಿಕೊಂಡು, ಸೀರೆ ಬದಲಾಯಿಸಿದೆ. ಯಜಮಾನರು ನೌಕಾಪಡೆಯವರು, ಆಗ ಹಡಗಿನಲ್ಲಿದ್ದರು. ಅವರ ಫೋನಿಗೆ ನಾಲ್ಕು ಸಾಲು ಬರೆದು ಕಳಿಸಿದೆ. ಸಮುದ್ರದ ಮೇಲಿರುವಾಗ ಆ ಸಾಲುಗಳು ಯಾವಾಗ ಮುಟ್ಟುತ್ತವೋ ದೇವರಿಗೇ ಗೊತ್ತು. ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಗಾಡಿ ಸಿಕ್ಕಿತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಅದನ್ನೂ ಕೃಪೆಯ ಲೆಕ್ಕಕ್ಕೇ ಹಾಕಿಕೊಂಡೆ.

ಕಿಟಕಿಗೆ ತಲೆ ಆನಿಸಿ ಕೂತಾಗ ಹಿಂದಿನ ಭಾನುವಾರ ನೆನಪಾಯಿತು. ಆ ಭಾನುವಾರ ಮಗಳು ನನ್ನನ್ನು "ಎಲ್ಲಿ ಸತ್ತೆ?" ಎಂದು ಕೇಳಿರಲಿಲ್ಲ. ನನಗೆ ಅಂದೇ ಅನುಮಾನ ಬರಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತನೆಯ ತರಗತಿ ಮುಗಿದ ಮೇಲೆ ಅವಳನ್ನು ವಿಜಯವಾಡದ ಕಾಲೇಜಿಗೆ ಸೇರಿಸಿದೆವು. ಓದು, ಊಟ, ನಿದ್ದೆ ಎಲ್ಲ ಒಂದೇ ಕಟ್ಟಡದಲ್ಲಿ. ಮಕ್ಕಳು ಫೋನು ಇಟ್ಟುಕೊಳ್ಳುವಂತಿಲ್ಲ, ಭಾನುವಾರ ವಾರ್ಡನ್ನರ ಫೋನಿನಿಂದ ಸ್ವಲ್ಪ ಹೊತ್ತು ಮಾತಾಡಬಹುದು. ಆ ಸ್ವಲ್ಪ ಹೊತ್ತೂ ನಮಗೆ ಸಾಗುತ್ತಿರಲಿಲ್ಲ. "ಊಟ ಆಯ್ತಾ?" "ಆಯ್ತು." "ಏನ್ ಮಾಡಿದ್ರು?" "ಏನೋ." "ಓದ್ತಿದ್ದೀಯಾ?" "ಹೂಂ." ಆಮೇಲೆ ನಾನು ದೇವರಿದ್ದಾನೆ, ಎಲ್ಲ ಅವನ ಮೇಲೆ ಹಾಕು, ಓದು ಅನ್ನುತ್ತಿದ್ದೆ. ಅವಳು ಇನ್ನೊಂದು ಹೂಂ. ಅವಳು ಹುಟ್ಟಿದ್ದು ಹಾಸನದಲ್ಲಾದರೂ ಬೆಳೆದದ್ದೆಲ್ಲ ತೆಲುಗಿನಲ್ಲಿ. ಕನ್ನಡ ಅವಳಿಗೆ ಮನೆಯೊಳಗಿನ ಮಾತು. ಮನೆಯಿಂದ ಹೊರಗೆ ಹೋದ ಮೇಲೆ ಅದು ಇನ್ನೂ ಸಣ್ಣದಾಯಿತು. ಫೋನು ಇಟ್ಟ ಮೇಲೆ ನಾನು ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಕೆಳಗೆ ಯಾರ ಮನೆಯದೋ ಒಗ್ಗರಣೆಯ ಘಮ ಬರುತ್ತಿತ್ತು. ನನ್ನ ಮನೆಯಲ್ಲಿ ಬೆಳಗಿನ ಅನ್ನ, ಬೆಳಗಿನದೇ ಸಾರು.

ಅವಳಪ್ಪ ಹಿಂದೊಮ್ಮೆ ಸಮುದ್ರದಿಂದ ಬಂದಾಗ ಅವಳಿಗೊಂದು ಗೇಮ್ ಆಡುವ ಪೆಟ್ಟಿಗೆ ತಂದುಕೊಟ್ಟಿದ್ದರು. ಟಿವಿಗೆ ಜೋಡಿಸಿ ಆಡುವುದು. ಒಂದು ಮಧ್ಯಾಹ್ನ ಧೂಳು ಒರೆಸುವಾಗ ಬಟ್ಟೆ ತಗುಲಿ ಅದು ಆನ್ ಆಯಿತು. ಆರಿಸಲು ಗೊತ್ತಾಗದೆ ಕಂಟ್ರೋಲರ್ ಹಿಡಿದು ಸಿಕ್ಕಿದ್ದನ್ನೆಲ್ಲ ಒತ್ತಿದೆ. ಟಿವಿಯಲ್ಲಿ ಹಾಳುಬಿದ್ದ ಕೋಟೆ, ಹೊರಗೊಂದು ಬಾವಿ, ಬಾವಿಯ ಪಕ್ಕ ಹರಕು ಬಟ್ಟೆಯ ಒಬ್ಬಳು ಹೆಂಗಸು, ಕೈಯಲ್ಲೊಂದು ಮೊಂಡು ಕತ್ತಿ. ಆ ಹೆಂಗಸು ನಾನೇ ಎಂದು ತಿಳಿಯುವಷ್ಟರಲ್ಲಿ ಯಾರೋ ಬಂದು ಹೊಡೆದು ಸಾಯಿಸಿಬಿಟ್ಟರು. ಮತ್ತೆ ಬಾವಿಯ ಪಕ್ಕ ಎದ್ದೆ. ಮತ್ತೆ ಸತ್ತೆ.

ಆ ವಾರದ ಭಾನುವಾರ ಹೇಳಲು ಬೇರೇನೂ ಇಲ್ಲದೆ ಅದನ್ನೇ ಹೇಳಿದೆ.

ಆ ಕಡೆ ಕಿವಿ ತೂತಾಗುವ ಹಾಗೆ ನಗು. "ಅಮ್ಮಾ! ನೀನು ಆಡಿದ್ಯಾ? ಎಲ್ಲಿ ಸತ್ತೆ, ಎಲ್ಲಿ?"

"ಬಾಗಿಲ ಹತ್ರ. ಒಬ್ಬ ದೈತ್ಯ ನಿಂತಿದಾನಲ್ಲ."

"ಅಯ್ಯೋ, ಅವನ ತಂಟೆಗೆ ಯಾರು ಹೋಗು ಅಂದ್ರು! ಅವನು ಈಗಲ್ಲಮ್ಮ, ಆಮೇಲೆ. ಪಕ್ಕದಿಂದ ಓಡಿಹೋಗು."

"ಓಡೋದು ತಪ್ಪಲ್ವೇನೇ?"

"ಗೇಮ್‌ನಲ್ಲಿ ಏನ್ ತಪ್ಪು! ಗುರಾಣಿ ಎತ್ಕೊಂಡೇ ನಡಿ. ಮೂಲೆ ತಿರುಗೋ ಮುಂಚೆ ನಿಂತು ನೋಡು. ಮೂರ್ನಾಲ್ಕು ಜನ ಇದ್ರೆ ಒಂದು ಕಲ್ಲು ಎಸಿ, ಒಬ್ಬನೇ ಬರ್ತಾನೆ. ಎರಡೇಟು ಹೊಡೆದು ಹಿಂದೆ ಬಾ. ಮೂರನೇದಕ್ಕೆ ಆಸೆ ಪಡಬೇಡ, ಅಲ್ಲೇ ಎಲ್ಲಾರೂ ಸಾಯೋದು."

ಅಂದಿನಿಂದ ನಮಗೆ ಮಾತಿಗೆ ಬರವಿಲ್ಲವಾಯಿತು. ಊಟ ಮುಗಿಸಿ, ಪಾತ್ರೆ ತೊಳೆದು, ಮಧ್ಯಾಹ್ನ ಟಿವಿಯ ಮುಂದೆ ಕೂರುತ್ತಿದ್ದೆ. ವಾರವಿಡೀ ಸತ್ತದ್ದನ್ನು ಭಾನುವಾರ ವರದಿ ಒಪ್ಪಿಸುತ್ತಿದ್ದೆ. ಒಮ್ಮೆ ಅವಳು ತೆಲುಗಿನಲ್ಲಿ "ಈ ವಾರಂ ಎಕ್ಕಡ ಚಚ್ಚಿಪೋಯಾವಮ್ಮಾ?" ಎಂದು ಕೂಗಿದ್ದು ಕೇಳಿ ವಾರ್ಡನ್ ಬೆಚ್ಚಿಬಿದ್ದರಂತೆ, ಹೆತ್ತ ತಾಯಿಗೆ ಎಲ್ಲಿ ಸತ್ತೆ ಅಂತ ಕೇಳುತ್ತಾಳಲ್ಲ ಈ ಹುಡುಗಿ ಎಂದು.

ಆ ಆಟದ ನಿಯಮ ಹೀಗೆ. ಕೊಂದ ಪ್ರತಿಯೊಬ್ಬನಿಂದಲೂ ಒಂದಿಷ್ಟು ಬೆಳಕಿನ ಹರಳು ಸಿಗುತ್ತವೆ. ಬಾವಿಯ ಬಳಿ ಕೂತು ಅವನ್ನು ನಮ್ಮ ಯಾವುದಾದರೂ ಗುಣಕ್ಕೆ ಹಾಕಬಹುದು. ಸತ್ತರೆ ಹರಳುಗಳೆಲ್ಲ ಬಿದ್ದ ಜಾಗದಲ್ಲೇ ಉಳಿಯುತ್ತವೆ. ಹೋಗಿ ತಂದುಕೊಳ್ಳಬಹುದು, ಆದರೆ ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹೋಯಿತು. ಗುಣಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು, ನಿಧಾನವಾಗಿ ಓದಿದೆ. ಆಯಸ್ಸು, ಬಲ, ಚುರುಕು, ಕೊನೆಯಲ್ಲಿ ನಂಬಿಕೆ. ನಂಬಿಕೆ ಎಂದು ಕಂಡ ಮೇಲೆ ನನಗೆ ಯೋಚನೆಯೇ ಬೇಕಾಗಲಿಲ್ಲ. ಸಿಕ್ಕ ಹರಳನ್ನೆಲ್ಲ ಅಲ್ಲಿಗೇ ಸುರಿದೆ. ಆದರೂ ಬಾಗಿಲ ಕಾವಲುಗಾರನ ಒಂದೇ ಏಟಿಗೆ ಬೀಳುತ್ತಿದ್ದೆ.

"ಎಲ್ಲಾ ಫೇತ್‌ಗೆ ಹಾಕಿದ್ಯಾ?" ಮಗಳು ತಲೆ ಚಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು. "ಅಮ್ಮಾ, ನಿನ್ನ ಹತ್ರ ಮಂತ್ರ ಇಲ್ಲ, ಏನಿಲ್ಲ. ಆ ಮೊಂಡು ಕತ್ತಿಗೂ ಅದಕ್ಕೂ ಏನ್ ಸಂಬಂಧ?"

"ನಂಬಿಕೆ ಇದ್ರೆ ಕಾಯ್ತಾನೆ ಅನ್ಕೊಂಡೆ."

"ಕಾಯ್ತಾನೆ, ನೀನು ಬದುಕಿದ್ರೆ ತಾನೇ! ಮೊದಲು ಲೈಫ್‌ಗೆ ಹಾಕು."

"ಆಯಸ್ಸಿಗಾ?"

"ಹೂಂ, ಅದೇ. ಮೊದಲು ಆಯಸ್ಸಿಗೆ ಹಾಕಮ್ಮಾ. ಮಿಕ್ಕಿದ್ದೆಲ್ಲ ಆಮೇಲೆ."

ಕೈಯಲ್ಲಿ ಹರಳು ಜಾಸ್ತಿ ಇದ್ದಾಗ ಹೊಸ ಬಾಗಿಲು ತೆಗೆಯಬಾರದು, ಬಾವಿಗೆ ವಾಪಸ್ಸು ಹೋಗಬೇಕು ಎಂದೂ ಅವಳೇ ಹೇಳಿಕೊಟ್ಟಳು. ಬಾವಿಯ ಬಳಿ ಕೂತರೆ ಸತ್ತ ಶತ್ರುಗಳೆಲ್ಲ ಮತ್ತೆ ಎದ್ದು ನಿಲ್ಲುತ್ತಾರೆ. ಮೊದಲು ನನಗದು ಅನ್ಯಾಯವೆನಿಸಿತ್ತು. ಆಮೇಲೆ, ಬೆಳಗೆದ್ದರೆ ಸಿಂಕಿನ ತುಂಬ ಪಾತ್ರೆ ಎದ್ದು ನಿಂತಿರುವುದಿಲ್ಲವೇ ಎಂದುಕೊಂಡು ಸುಮ್ಮನಾದೆ.

ಹಿಂದಿನ ಭಾನುವಾರ ಮಾತ್ರ ಅವಳು ಏನೂ ಕೇಳಲಿಲ್ಲ. "ಕೋಟೆ ಒಳಗೆ ಹೋದೆ ಕಣೇ!" ಎಂದು ನಾನೇ ಹೇಳಿದೆ. "ಹೌದಾ," ಎಂದಳು. ಅಷ್ಟೇ. ಆಯಾಸವಿರಬೇಕು ಎಂದುಕೊಂಡೆ.

ಗೋದಾವರಿಯ ಸೇತುವೆ ಬಂದಾಗ ಬೋಗಿಯ ಜನವೆಲ್ಲ ಕೈಮುಗಿದರು. ನಾನೂ ಮುಗಿದೆ, ಕಣ್ಣು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಿಗಿದ್ದ ಹೆಂಗಸು ಏನೂ ಕೇಳದೆ ತನ್ನ ಡಬ್ಬದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಮಡಿಲಿಗಿಟ್ಟಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು.

ವಿಜಯವಾಡದಲ್ಲಿ ಇಳಿದಾಗ ಸಂಜೆ. ದುರ್ಗಮ್ಮನ ಬೆಟ್ಟ ಹಿಂದಕ್ಕೆ ಉಳಿಯಿತು, ಆಟೋದಿಂದಲೇ ಆ ಕಡೆ ತಿರುಗಿ ನಮಸ್ಕಾರ ಹೇಳಿದೆ. ಹಾಸ್ಟೆಲು ಇರುವುದು ಲಾರಿ ರಿಪೇರಿಯ ಆಟೋನಗರ್ ದಾಟಿ. ಲಾರಿಗಳ ತಗಡು ಬಡಿಯುವ ಸದ್ದು ಅವಳ ಕಿಟಕಿಯವರೆಗೂ ಬರುತ್ತದೆ. ಆ ಸದ್ದಿನಲ್ಲಿ ಮಕ್ಕಳು ಹೇಗೆ ಓದುತ್ತಾರೋ.

ಕಾಯಿಲೆಯವರನ್ನು ಮಲಗಿಸುವ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಜಡೆ ಹುರಿಯಂತೆ ಸಣ್ಣಗಾಗಿತ್ತು. ಭುಜ ಮುಟ್ಟಿದೆ. ಜ್ವರವಿರಲಿಲ್ಲ, ಅದೊಂದು ಪುಣ್ಯ.

"ಎಂದುಕು ವಚ್ಚಾವು?" ಎಂದಳು ತಿರುಗದೆ. ಆಮೇಲೆ ಕನ್ನಡದಲ್ಲಿ, "ಯಾಕ್ ಬಂದೆ? ನಾನು ಚೆನ್ನಾಗೇ ಇದೀನಿ."

ವಾರ್ಡನ್ ಒಳ್ಳೆಯ ಹೆಂಗಸು, ಮೊಸರನ್ನ ಮುಚ್ಚಿಟ್ಟಿದ್ದರು. ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಈಗ ಕರೆದುಕೊಂಡು ಹೋದರೆ ಪಾಠಗಳು ಮುಂದೆ ಹೋಗುತ್ತವೆ, ಮತ್ತೆ ಇದೇ ಬ್ಯಾಚಿನಲ್ಲಿ ಜಾಗ ಸಿಗುವುದು ಕಷ್ಟ, ಯೋಚನೆ ಮಾಡಿ ಎಂದು ಹೇಳಿ ಹೊರಗೆ ಹೋದರು.

"ನಾನು ಬರಲ್ಲ," ಎಂದಳು ಮಗಳು. "ಸೋಮವಾರ ಟೆಸ್ಟ್ ಇದೆ. ಅಪ್ಪ ಏನಂತಾರೆ? ಎಲ್ಲಾರೂ ಮಾಡ್ತಿಲ್ವಾ, ನಂಗೊಬ್ಬಳಿಗೇ ಏನು?"

ಫೋನು ನೋಡಿದೆ. ನನ್ನ ನಾಲ್ಕು ಸಾಲು ಇನ್ನೂ ಅವರಿಗೆ ಮುಟ್ಟಿರಲಿಲ್ಲ. ಹೂಂ ಅನ್ನಲು, ಬೇಡ ಅನ್ನಲು ಆ ಕೋಣೆಯಲ್ಲಿ ನಾನೊಬ್ಬಳೇ. ದೇವರ ಮೇಲೆ ಭಾರ ಹಾಕು, ಇನ್ನು ಸ್ವಲ್ಪ ದಿನ ಎನ್ನುವ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಕಡ್ಡಿಯಂತಾಗಿದ್ದ ಅವಳ ಮಣಿಕಟ್ಟು ನೋಡಿದೆ. ಅದನ್ನು ಅಲ್ಲೇ ತಡೆದೆ.

"ಎಲ್ಲಾ ನಂಬಿಕೆಗೆ ಸುರಿದಾಗ ನನಗೇನಂದೆ?" ಎಂದು ಕೇಳಿದೆ.

ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಏನಂದೆ, ಹೇಳೇ."

"ಅದು ಗೇಮ್ ಅಮ್ಮಾ."

"ಗೇಮೇ. ಏನಂದೆ?"

ಹೊರಗೆ ತಗಡು ಬಡಿಯುವುದು ನಿಂತಿತು, ಮತ್ತೆ ಶುರುವಾಯಿತು. "ಮೊದಲು ಆಯಸ್ಸಿಗೆ ಹಾಕು ಅಂದೆ," ಎಂದಳು. ಹೇಳುತ್ತ ಹೇಳುತ್ತಲೇ ಮುಖ ಸೊಟ್ಟಗಾಯಿತು. ಚಿಕ್ಕವಳಾಗಿದ್ದಾಗ ಅಳುತ್ತಿದ್ದಂತೆ ಬಾಯಿ ಬಿಟ್ಟು ಅತ್ತಳು. ತೆಲುಗಿನಲ್ಲೂ ಕನ್ನಡದಲ್ಲೂ ಏನೇನೋ ಹೇಳಿದಳು, ಅರ್ಧ ಅರ್ಥವಾಯಿತು, ಮಿಕ್ಕದ್ದು ಅರ್ಥವಾಗಬೇಕೆಂದೇನೂ ಇರಲಿಲ್ಲ. ಮೊಸರನ್ನ ಕಲಸಿ ತಿನ್ನಿಸಿದೆ. ಅರ್ಧ ತಟ್ಟೆ ಹೋಯಿತು.

ವಾರ್ಡನ್ ಬಂದಾಗ, ಮನೆಗೆ ಕರೆದುಕೊಂಡು ಹೋಗುತ್ತೇನೆ, ಜಾಗ ಹೋದರೆ ಹೋಗಲಿ ಎಂದೆ. ಆಕೆ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ "ಸರೇನಮ್ಮಾ" ಎಂದರು.

ಜಾಗ ಹೋಯಿತು. ಅವಳು ಆ ಹಾಸ್ಟೆಲಿಗೆ ಮತ್ತೆ ಹೋಗಲಿಲ್ಲ, ಮನೆಯ ಹತ್ತಿರದ ಕಾಲೇಜಿನಲ್ಲಿ ಮೊದಲ ಪಾಠದಿಂದ ಶುರು ಮಾಡಿದಳು. ಅವಳಪ್ಪನ ಉತ್ತರ ಕೆಲವು ದಿನ ಬಿಟ್ಟು ಬಂತು, "ಒಳ್ಳೆ ಕೆಲಸ ಮಾಡಿದೆ" ಎಂದು ಒಂದೇ ಸಾಲು. ಅಲ್ಲಿಯವರೆಗೆ ಮಾಡಿದ್ದು ಸರಿಯೋ ತಪ್ಪೋ ಎಂದು ದೇವರ ಫೋಟೋವನ್ನು ಬಿಟ್ಟರೆ ಕೇಳಲು ಬೇರೆ ಯಾರೂ ಇರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ರಾತ್ರಿ ಕಳೆದು, ಶುಕ್ರವಾರ ಮಧ್ಯಾಹ್ನ ನಾವು ಮನೆ ಸೇರಿದೆವು. ಬಾಗಿಲು ತೆಗೆದರೆ ಮನೆಯ ತುಂಬ ಹುಳಿ ವಾಸನೆ. ಅವಳು ಸೀದಾ ಹೋಗಿ ಮಲಗಿದಳು. ನಾನು ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ, ಆಗಾಗ ಹೋಗಿ ಅವಳ ಉಸಿರು ನೋಡಿ ಬರುತ್ತಿದ್ದೆ. ಸಂಜೆಗೆ ಎದ್ದು ಬಂದು ಟಿವಿ ಹಾಕಿದಳು. ಬಾವಿಯ ಪಕ್ಕ ನನ್ನ ಹರಕು ಬಟ್ಟೆಯ ಹೆಂಗಸು ಕೂತಿದ್ದಳು.

"ಅಮ್ಮಾ, ಇಷ್ಟು ದೂರ ಬಂದಿದ್ಯಾ!" ಎಂದಳು. ನಾನು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು, ಕಂಟ್ರೋಲರ್ ತೆಗೆದುಕೊಂಡು, ಒಳಗಿನ ಮೆಟ್ಟಿಲಿನ ಬಳಿ ನಾನು ಹೇಗೆ ಕಲ್ಲೆಸೆದು ಒಬ್ಬೊಬ್ಬನನ್ನೇ ಕರೆಯುತ್ತೇನೆಂದು ತೋರಿಸಲು ಹೋದೆ. ಸ್ವಲ್ಪ ಹೊತ್ತು ನೋಡಿದಳು.

"ಎಷ್ಟು ನಿಧಾನ ಮಾಡ್ತೀಯಾ. ಕೊಡಮ್ಮಾ ಇಲ್ಲಿ."

ಕೊಟ್ಟೆ. ನಾನು ದಿನಗಟ್ಟಲೆ ಸತ್ತ ಮೆಟ್ಟಿಲನ್ನು ಅವಳು ಒಂದೇ ಉಸಿರಿಗೆ ಹತ್ತಿಬಿಟ್ಟಳು. ತೆರೆಯ ಬೆಳಕು ಅವಳ ಮುಖದ ಮೇಲೆ ಓಡಾಡುತ್ತಿತ್ತು. ಪಕ್ಕದಲ್ಲಿ ನಾನಿರುವುದು ಅವಳಿಗೆ ಮರೆತೇಹೋಗಿತ್ತು. ಬರುವ ಭಾನುವಾರ ನನಗೆ ಫೋನು ಬರುವುದಿಲ್ಲ ಎಂದು ಆಗ ಹೊಳೆಯಿತು. ಎಲ್ಲಿ ಸತ್ತೆ ಎಂದು ಇನ್ನು ಯಾರೂ ಕೇಳುವುದಿಲ್ಲ. ಮಗಳು ಮನೆಯಲ್ಲಿದ್ದಾಳೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ, ನಿನ್ನೆ ಈ ಹೊತ್ತಿಗೆ ಇದನ್ನೇ ತಾನೇ ಬೇಡಿಕೊಂಡಿದ್ದೆ.

"ರಾತ್ರಿಗೆ ಏನ್ ಮಾಡ್ಲಿ?" ಎಂದೆ.

"ಏನಾದ್ರೂ," ಎಂದಳು, ತೆರೆಯಿಂದ ಕಣ್ಣು ತೆಗೆಯದೆ. ಆಮೇಲೆ, "ದೋಸೆ?"

ಅಡುಗೆಮನೆಗೆ ಹೋದೆ. ಗ್ರೈಂಡರಿನ ಕಲ್ಲಿಗೆ ಉದ್ದು ಗಾರೆಯಂತೆ ಅಂಟಿಕೊಂಡಿತ್ತು. ಬಿಸಿನೀರು ಹುಯ್ದು ನೆನೆಯಲು ಬಿಟ್ಟೆ. ಇಂದಿಗೆ ಗೋಧಿ ದೋಸೆ ಸಾಕು, ನಾಳೆಗೆ ಸರಿಯಾದದ್ದು ಆಗಲಿ ಎಂದು ಅಕ್ಕಿ, ಉದ್ದು ತೊಳೆದು ಇಬ್ಬರಿಗಾಗುವಷ್ಟು ನೆನೆಹಾಕಿದೆ. ಆಮೇಲೆ ನಾರು ಹಿಡಿದು ಕಲ್ಲು ಉಜ್ಜಲು ಕೂತೆ.